ನಾಲ್ಕನೇ ಪೋರ್ಟಿನ ಹಳದಿ ದೀಪ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಸಾರಿನ ಪಾತ್ರೆ ಇಳಿಸಿಡಲು ಒಂದು ತಗಡಿನ ಡಬ್ಬಿ ಇದೆ. ಬೂದು ಬಣ್ಣದ್ದು, ಸಣ್ಣ ಮಣೆಯಷ್ಟು ಅಗಲ, ಎರಡು ಬೆರಳು ದಪ್ಪ. ಕೆಳಗೆ ನಾಲ್ಕು ರಬ್ಬರ್ ಕಾಲು, ಹಿಂದುಗಡೆ ಸಾಲಾಗಿ ಎಂಟು ಕಿಂಡಿ. ಅದರ ಮೇಲೆ ಪಾತ್ರೆ ಇಟ್ಟರೆ ಜಾರುವುದೂ ಇಲ್ಲ, ಕಟ್ಟೆಗೆ ಕಲೆಯೂ ಆಗುವುದಿಲ್ಲ ಎಂದು ಕಂಡುಹಿಡಿದವರು ನಮ್ಮ ಅತ್ತೆ. ಬಂದ ನೆಂಟರು "ಇದೇನಿದು?" ಎಂದು ಕೇಳಿದರೆ "ನಮ್ಮ ಸೊಸೆ ತವರಿಂದ ತಂದದ್ದು" ಎಂದು ಗಂಭೀರವಾಗಿ ಹೇಳುತ್ತಾರೆ. ತವರಿನಿಂದ ತಂದದ್ದಲ್ಲ. ಮದುವೆಗೆ ಮುಂಚೆ ನಾನು ಕೆಲಸ ಮಾಡುತ್ತಿದ್ದ ಆಫೀಸು ಮುಚ್ಚಿದಾಗ, ಬೇಕಾದವರು ಬೇಕಾದ್ದು ತಗೊಂಡು ಹೋಗಿ ಎಂದಿದ್ದರು. ಜಾಣರು ಕುರ್ಚಿ, ಫ್ಯಾನು ಎತ್ತಿಕೊಂಡರು. ನಾನು ಇದನ್ನು ತಂದೆ.

ಇದಕ್ಕೆ ನೆಟ್‌ವರ್ಕ್ ಸ್ವಿಚ್ ಎನ್ನುತ್ತಾರೆ. ನಾಲ್ಕಾರು ಕಂಪ್ಯೂಟರುಗಳ ತಂತಿ ಬಂದು ಸೇರುವ ಜಾಗ. ಆ ಕಿಂಡಿಗಳಿಗೆ ಪೋರ್ಟು ಎಂದು ಹೆಸರು. ಮೊನ್ನೆ ಹುಳಿ ಚೆಲ್ಲಿತು. ಪೋರ್ಟಿನೊಳಗೆ ಸೇರಿದ ಬೇಳೆಯನ್ನು ಬೆಂಕಿಕಡ್ಡಿಯಲ್ಲಿ ಕೆದಕುತ್ತಾ ಕೂತವಳಿಗೆ ಹಳೆಯದೆಲ್ಲ ನೆನಪಾಯಿತು. ನೆನಪಾಯಿತು ಎನ್ನುವುದು ಸುಳ್ಳು. ಅದರಲ್ಲೊಂದು ವಿಷಯ ಮರೆತೇ ಇರಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ ಅಷ್ಟೆ. ನಿಮಗೆ ಹೇಳುತ್ತೇನೆ, ಸ್ವಲ್ಪ ಸುತ್ತಿಬಳಸಿ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ಬಸವೇಶ್ವರನಗರದಲ್ಲಿ ರಾಜಣ್ಣ ಎಂಬವರ ಆಫೀಸಿನಲ್ಲಿ ನನಗೆ ಕೆಲಸ. ರಾಜಣ್ಣ ಮೊದಲು ಕೇಬಲ್ ಟಿವಿ ಹಾಕುತ್ತಿದ್ದವರು. ಮಹಡಿಯಿಂದ ಮಹಡಿಗೆ, ನೀರಿನ ಟ್ಯಾಂಕಿನಿಂದ ತೆಂಗಿನಮರಕ್ಕೆ ತಂತಿ ಎಳೆಯುವುದರಲ್ಲಿ ಅವರನ್ನು ಮೀರಿಸುವವರು ಆ ಕಡೆ ಇರಲಿಲ್ಲ. ಮನೆಮನೆಗೂ ಕಂಪ್ಯೂಟರು ಬರತೊಡಗಿದಾಗ "ಧಾರಾವಾಹಿ ಹೋಗೋ ದಾರೀಲಿ ಇಂಟರ್ನೆಟ್ ಹೋಗಲ್ವಾ?" ಎಂದು ಅದಕ್ಕೂ ಕೈಹಾಕಿದರು. ಹೋಗಲಿಲ್ಲ, ಅದಕ್ಕೆ ಬೇರೆ ನೀಲಿ ತಂತಿ ಬೇಕಾಯಿತು. ನಾಲ್ಕೈದು ಮನೆಗಳ ಮಧ್ಯೆ ಒಂದು ಸ್ವಿಚ್ಚು. ಅದನ್ನು ಯಾರದಾದರೂ ಮಹಡಿ ಮೆಟ್ಟಿಲ ಮೇಲಿನ ಗೂಡಿನಲ್ಲಿ ಇಡುವುದು. ಕರೆಂಟು ಆ ಮನೆಯವರದು, ಅದಕ್ಕೆ ಬದಲಾಗಿ ಅವರಿಗೆ ಇಂಟರ್ನೆಟ್ಟು ಪುಕ್ಕಟೆ.

ನನ್ನನ್ನು ಸೇರಿಸಿಕೊಂಡದ್ದು ಫೋನು ಎತ್ತುವುದಕ್ಕೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿಕೊಂಡವಳು, ಫೋನು ಎತ್ತಿ "ಹಲೋ, ಆಫ್ ಮಾಡಿ ಆನ್ ಮಾಡಿದ್ರಾ?" ಎನ್ನುತ್ತಿದ್ದೆ. ಆದರೆ ಹಗಲು ಹೊತ್ತು ಮನೆಗಳಲ್ಲಿ ಹೆಂಗಸರು ಮಾತ್ರ ಇರುತ್ತಿದ್ದರು. ನಮ್ಮ ಇಬ್ಬರು ಲೈನ್‌ಮನ್ನುಗಳು ಏಣಿ ಹೊತ್ತು ಬೆಲ್ ಒತ್ತಿದರೆ ಬಾಗಿಲೇ ತೆಗೆಯುತ್ತಿರಲಿಲ್ಲ. ರಾಜಣ್ಣ ಎರಡು ತಿಂಗಳು ನೋಡಿ, "ನೀನೇ ಹೋಗ್ಬಾರಮ್ಮ. ನಿನ್ನ ಕಂಡ್ರೆ ಕಾಫಿನೂ ಕೊಡ್ತಾರೆ" ಎಂದರು. ಅದು ನಿಜವಾಯಿತು. ಸ್ಕೂಟಿಯ ಮುಂದೆ ತಂತಿಯ ಸುರುಳಿ, ಹಿಂದೆ ಮಡಚುವ ಏಣಿ, ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು ನಾನು ಬಸವೇಶ್ವರನಗರದಿಂದ ವಿಜಯನಗರದವರೆಗೆ ಕಾಫಿ ಕುಡಿದಿದ್ದೇನೆ. ಯಾವ ಅಡ್ಡರಸ್ತೆಯಲ್ಲಿ ಚಿಕೋರಿ ಜಾಸ್ತಿ ಎಂದು ಈಗಲೂ ಹೇಳಬಲ್ಲೆ.

ರಾಜಣ್ಣ ಕೊಟ್ಟ ತರಬೇತಿ ಮೂರೇ ಮೂರು ಪಾಠದ್ದು. ಮೊದಲನೆಯದು, ಆಫ್ ಮಾಡಿ ಆನ್ ಮಾಡು. ಎರಡನೆಯದು, ತಂತಿ ಬಿಚ್ಚಿ ಮತ್ತೆ ಸಿಕ್ಕಿಸು. ಆಗಲೂ ಸರಿಹೋಗಲಿಲ್ಲ, ಏನೆಂದೂ ತಿಳಿಯಲಿಲ್ಲ ಅನ್ನಿ, ಆಗ ಮೂರನೆಯದು: "ಮನೇಲಿ ಮಕ್ಕಳಿದ್ದಾರಾ?" ಎಂದು ಕೇಳುವುದು. ಇದ್ದೇ ಇರುತ್ತಾರೆ. "ಏನೋ ಒತ್ತಿರ್ತಾರೆ ನೋಡಿ, ಗೇಮು ಗೀಮು ಹಾಕಿರ್ತಾರೆ" ಎಂದರೆ ಮುಗಿಯಿತು. ಮಕ್ಕಳಿಲ್ಲ ಎಂದರೆ ರಜಕ್ಕೆ ಬಂದ ನೆಂಟರ ಮಕ್ಕಳು. "ಗಿರಾಕಿ ದೇವರು ಕಣಮ್ಮ, ಆದ್ರೆ ದೇವರ ಕಂಪ್ಯೂಟರ್‌ಗೂ ವೈರಸ್ ಬರುತ್ತೆ" ಎಂದು ರಾಜಣ್ಣ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆಮೇಲೆ ದೂರಿನ ಚೀಟಿಯಲ್ಲಿ "ಲೈನ್ ಸರಿ ಇದೆ, ಗಿರಾಕಿಯ ಕಂಪ್ಯೂಟರ್ ದೋಷ" ಎಂದು ಬರೆದು, ಗಿರಾಕಿಯಿಂದಲೇ ಕೆಳಗೆ ಸಹಿ ಹಾಕಿಸಿಕೊಂಡು ಬರುವುದು.

ಈಗ ಈ ಡಬ್ಬಿಯ ಸ್ವಭಾವ ಸ್ವಲ್ಪ ಹೇಳಬೇಕು. ಹೆದರಬೇಡಿ, ಪರೀಕ್ಷೆ ಇಲ್ಲ. ಕಂಪ್ಯೂಟರಿನಲ್ಲಿ ತಂತಿ ಸಿಕ್ಕಿಸುವ ಕಾರ್ಡು ಇರುತ್ತದಲ್ಲ, ಒಂದೊಂದಕ್ಕೂ ಕಾರ್ಖಾನೆಯಲ್ಲೇ ಒಂದೊಂದು ವಿಳಾಸ ಬರೆದಿರುತ್ತಾರೆ. ಸ್ವಿಚ್ಚಿಗೆ ಕರೆಂಟು ಕೊಟ್ಟ ಕ್ಷಣ ಅದಕ್ಕೆ ಯಾರ ವಿಳಾಸವೂ ಗೊತ್ತಿರುವುದಿಲ್ಲ. ಯಾರಿಗೋ ಒಂದು ಸಂದೇಶ ಬಂದರೆ, ಅವರು ಯಾವ ಪೋರ್ಟಿನ ಆಚೆ ಇದ್ದಾರೆಂದು ತಿಳಿಯದೆ, ಬಂದ ಪೋರ್ಟೊಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಕಳಿಸಿಬಿಡುತ್ತದೆ. ಆದರೆ ಕಳಿಸಿದವರ ವಿಳಾಸವನ್ನು, ಅವರು ಇಂಥ ಪೋರ್ಟಿನಿಂದ ಮಾತಾಡಿದರು ಎಂದು ಗುರುತು ಹಾಕಿಕೊಳ್ಳುತ್ತದೆ. ಅವರಿಗೆ ಉತ್ತರ ಬಂದಾಗ ನೇರ ಅಲ್ಲಿಗೇ ಕಳಿಸುತ್ತದೆ. ಹೀಗೆ ಕೂಗಿ, ಕೇಳಿಸಿಕೊಂಡು, ಎರಡು ನಿಮಿಷದಲ್ಲಿ ಎಲ್ಲರ ಮನೆ ಪತ್ತೆ ಮಾಡಿಟ್ಟುಕೊಳ್ಳುತ್ತದೆ. ಮಾತಾಡದವರನ್ನು ಮಾತ್ರ ಅದು ಕಲಿಯುವುದಿಲ್ಲ. ಕಲಿತವರೂ ಐದು ನಿಮಿಷ ತುಟಿ ಬಿಚ್ಚದೆ ಇದ್ದರೆ ಮರೆತುಬಿಡುತ್ತದೆ.

ಪುಟ್ಟಮ್ಮ ಆಂಟಿಯದೂ ಇದೇ ಪದ್ಧತಿ. ಆಂಟಿ ಎಂದರೆ, ಬಡಾವಣೆ ಆಗುವುದಕ್ಕೆ ಮುಂಚೆ ಆ ಜಾಗದಲ್ಲಿ ಅವರೆಕಾಯಿ ಬೆಳೆಯುತ್ತಿದ್ದ ಮನೆತನದವರು. ಒಂದೇ ಸೈಟಿನಲ್ಲಿ ಐದು ಪೋರ್ಷನ್ ಕಟ್ಟಿಸಿ ನಾಲ್ಕನ್ನು ಬಾಡಿಗೆಗೆ ಕೊಟ್ಟಿದ್ದರು. ನಮ್ಮ ಒಂದು ಸ್ವಿಚ್ಚು ಅವರ ಮಹಡಿ ಗೂಡಿನಲ್ಲೇ ಇತ್ತು. ಹೊಸ ಬಾಡಿಗೆಯವರು ಬಂದರೆ ಆಂಟಿ ಏನೂ ಕೇಳುತ್ತಿರಲಿಲ್ಲ. ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತಾ ಕೂತಿರುತ್ತಿದ್ದರು. ಗುರುತಿಲ್ಲದ ಹೆಸರಿಗೆ ಕೊರಿಯರ್ ಬಂದರೆ ಅಂಗಳದಲ್ಲಿ ನಿಂತು "ಯಾರ್‍ರಪ್ಪಾ ಇದು ಸುಧಾಕರ?" ಎಂದು ಐದೂ ಮನೆಗೆ ಕೇಳುವಂತೆ ಕೂಗುವುದು. ಯಾವ ಬಾಗಿಲಿನಿಂದ "ನಾನೇ ಆಂಟಿ" ಎಂದು ಬಂತೋ ಅಲ್ಲಿಗೆ ಮುಗಿಯಿತು, ಮುಂದಿನ ಸಲ ಕೊರಿಯರ್ ನೇರ ಆ ಬಾಗಿಲಿಗೆ ಹೋಗುತ್ತಿತ್ತು.

ಆಂಟಿಗೂ ಸ್ವಿಚ್ಚಿಗೂ ಮೊದಮೊದಲು ಸರಿಬರಲಿಲ್ಲ. "ಹಗಲೊತ್ತು ದೀಪ ಯಾಕವ್ವ ಉರೀಬೇಕು?" ಎಂದು ಅವರು ಬೆಳಗಿನ ಪೂಜೆ ಮುಗಿಸಿ ಬಂದು ಅದರ ಪ್ಲಗ್ಗು ಕೀಳುತ್ತಿದ್ದರು. ಐದು ಮನೆಯ ಇಂಟರ್ನೆಟ್ಟು ಢಮಾರ್. ನಾನು ಹೋಗಿ, ಇದು ದೀಪ ಅಲ್ಲ ಆಂಟಿ, ಎಲ್ಲರ ಮನೆ ಅಡ್ರೆಸ್ ಇಟ್ಕೊಂಡಿರುತ್ತೆ, ಪ್ಲಗ್ ಕಿತ್ರೆ ಎಲ್ಲ ಮರೆತುಹೋಗುತ್ತೆ ಎಂದು ಹೇಳಿದೆ. "ಅಯ್ಯೋ ಪಾಪ" ಎಂದರು. ಅಂದಿನಿಂದ ಅದನ್ನು ಮುಟ್ಟಲಿಲ್ಲ. ಆಮೇಲೊಂದು ದಿನ ಅದರ ಮೇಲೆ ಹಳೆಯ ಬ್ಲೌಸ್ ಪೀಸೊಂದನ್ನು ಹೊದಿಸಿದರು. ಧೂಳಿಗೆ ಇರಬೇಕೆಂದು ನಾನೂ ಸುಮ್ಮನಾದೆ.

ವಿಳಾಸದ ಮಾತು ಬಂತಲ್ಲ, ವಿಜಯನಗರದ ಇಬ್ಬರು ಹುಡುಗರ ವಿಷಯ ಹೇಳಿ ಮುಂದೆ ಹೋಗುತ್ತೇನೆ. ಯಾವ ವಿಳಾಸದ ಕಾರ್ಡಿಗೆ ಹಣ ಕಟ್ಟಿದ್ದಾರೋ ಅದಕ್ಕೆ ಮಾತ್ರ ನಾವು ಇಂಟರ್ನೆಟ್ಟು ಬಿಡುತ್ತಿದ್ದೆವು. ಒಬ್ಬ ಕಟ್ಟಿದ್ದ. ಎದುರು ಮನೆಯ ಅವನ ಸ್ನೇಹಿತ, ಕಂಪ್ಯೂಟರಿನಲ್ಲಿ ತನ್ನ ವಿಳಾಸ ಅಳಿಸಿ ಅವನದನ್ನೇ ಬರೆದುಕೊಂಡ. ಸ್ವಿಚ್ಚು ಪಾಪ, ಕೊನೆಗೆ ಮಾತಾಡಿದವನನ್ನೇ ನಂಬುತ್ತದೆ. ಇವನು ಮಾತಾಡಿದರೆ ಎರಡನೇ ಪೋರ್ಟು, ಅವನು ಮಾತಾಡಿದರೆ ಆರನೇ ಪೋರ್ಟು. ಇವನು ಕೇಳಿದ್ದು ಅವನ ಮನೆಗೆ, ಅವನು ಕೇಳಿದ್ದು ಇವನ ಮನೆಗೆ ಹೋಗಿ, ಇಬ್ಬರಿಗೂ ನೆಟ್ಟಗೆ ಏನೂ ಸಿಗಲಿಲ್ಲ. ಇಬ್ಬರೂ ಒಂದೇ ಬೈಕಿನಲ್ಲಿ ಆಫೀಸಿಗೆ ದೂರು ಕೊಡಲು ಬಂದರು. "ನಂದೇ ಸ್ಲೋ ಅಂದ್ರೆ ಇವನ್ದೂ ಸ್ಲೋ ಅಂತೆ ಮೇಡಂ" ಎಂದು ಕದ್ದವನೇ ಶುರುಮಾಡಿದ. ನಾನು ವಿಳಾಸ ತೆಗೆದು ತೋರಿಸಿದೆ. "ಥೂ, ನೀನಾ ಮಗಾ!" ಎಂದು ಹಣ ಕಟ್ಟಿದವನು ಅವನ ಬೆನ್ನಿಗೆ ಗುದ್ದಿದ. ಮತ್ತೆ ಒಂದೇ ಬೈಕಿನಲ್ಲಿ ಹೋದರು. ಅದನ್ನು ಕಂಡುಹಿಡಿದ ಮೇಲೆ ನನಗೆ ಕೊಂಬು ಬಂತು. ರಾಜಣ್ಣ ಎಲ್ಲರೆದುರು "ನಮ್ ಹುಡುಗಿ ಇಂಜಿನಿಯರ್‍ಗಿಂತ ಜೋರು" ಎಂದುಬಿಟ್ಟರು ಬೇರೆ.

ಕೊಂಬು ಬಂದವರು ಸುಮ್ಮನಿರುತ್ತಾರೆಯೇ? ನಾನೊಂದು ಉಪಾಯ ಕಂಡುಕೊಂಡೆ.

ತಂತಿ ಸಿಕ್ಕಿಸಿದ ತಕ್ಷಣ ಸ್ವಿಚ್ಚೂ ಕಂಪ್ಯೂಟರೂ ಕೆಲಸ ಶುರುಮಾಡುವುದಿಲ್ಲ. ಮೊದಲು ಮಾತುಕತೆ. ನನಗೆ ಹತ್ತರ ವೇಗವೂ ಬರುತ್ತದೆ ನೂರರ ವೇಗವೂ ಬರುತ್ತದೆ, ನಿನಗೆ? ನಾವಿಬ್ಬರೂ ಒಟ್ಟಿಗೇ ಮಾತಾಡಬಹುದೋ, ಇಲ್ಲ ಒಬ್ಬರಾದ ಮೇಲೆ ಒಬ್ಬರೋ? ಇಬ್ಬರಿಗೂ ಬರುವುದರಲ್ಲಿ ಒಳ್ಳೆಯದನ್ನು ಒಪ್ಪಿಕೊಂಡು ಆಮೇಲೆ ಹಸಿರು ದೀಪ. ಕಣ್ಣುಮುಚ್ಚಿ ತೆರೆಯುವುದರಲ್ಲಿ ಮುಗಿಯುವ ವ್ಯವಹಾರ. ಒಂದು ಮನೆಯಲ್ಲಿ ಹಳೆಯ ಕಾರ್ಡು ಹತ್ತರಲ್ಲೇ ನಿಂತಿತ್ತು. ನಾನು ಕಂಪ್ಯೂಟರಿನ ಸೆಟ್ಟಿಂಗಿಗೆ ಹೋಗಿ, "ಮಾತುಕತೆ ಬೇಡ, ನೂರು, ಇಬ್ಬರೂ ಒಟ್ಟಿಗೆ" ಎಂದು ಗಟ್ಟಿಯಾಗಿ ಕೂರಿಸಿಬಿಟ್ಟೆ. ಪರದೆಯ ಮೂಲೆಯಲ್ಲಿ ನೂರು ಎಂದು ಬಂತು. ಆ ಮನೆಯವರು ನೂರನ್ನು ನೋಡಿಯೇ "ಫಸ್ಟ್ ಕ್ಲಾಸ್ ಆಯ್ತು ಮೇಡಂ" ಎಂದರು. ಅಂದಿನಿಂದ ಸ್ಪೀಡು ಬೇಕು ಎಂದವರಿಗೆಲ್ಲ ನಾನು ಕೊಡುತ್ತಿದ್ದ ಪ್ರಸಾದ ಅದೇ.

ಪುಟ್ಟಮ್ಮ ಆಂಟಿಯ ಹಿಂದಿನ ಪೋರ್ಷನ್ನಿಗೆ ಶಕುಂತಲಾ ಬಂದದ್ದು ಆಗ. ಬಾಗಲಕೋಟೆ ಕಡೆಯವರು, ಗಂಡ ಪೀಣ್ಯದ ಕಾರ್ಖಾನೆಯಲ್ಲಿ ಶಿಫ್ಟು, ಎರಡನೇ ಕ್ಲಾಸಿನ ಮಗಳೊಬ್ಬಳು, ಭಾಗ್ಯಾ. ಶಕುಂತಲಾ ಮನೆಯಲ್ಲೇ ಕೂತು ಒಂದು ಕೆಲಸ ಮಾಡುತ್ತಿದ್ದರು. ಅಮೆರಿಕದ ಡಾಕ್ಟರುಗಳು ರೋಗಿಗಳ ವಿಷಯ ಹೇಳಿ ರೆಕಾರ್ಡು ಮಾಡಿದ ದನಿ ಇಂಟರ್ನೆಟ್ಟಿನಲ್ಲಿ ಬರುತ್ತಿತ್ತು, ಅದನ್ನು ಕೇಳಿ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹೊತ್ತಿಗೆ ಸರಿಯಾಗಿ ವಾಪಸ್ಸು ಕಳಿಸಬೇಕು. ಇಯರ್‌ಫೋನು ಹಾಕಿಕೊಂಡು, ದನಿ ನಿಲ್ಲಿಸಿ ಓಡಿಸುವ ಪೆಡಲ್ ತುಳಿಯುತ್ತಾ, ನಾನು ಉಚ್ಚರಿಸಲೂ ಆಗದ ಕಾಯಿಲೆಗಳನ್ನು ಅವರು ಒಂದು ತಪ್ಪಿಲ್ಲದೆ ಕುಟ್ಟುತ್ತಿದ್ದರು. ನಾನು ಬೆರಗಾಗಿ ನೋಡಿದರೆ "ಹೊಟ್ಟಿಗೆ ಸಂಬಂಧಪಟ್ಟದ್ದು ಇದ್ರ ಭಾಳ ಸರಳ್ರಿ, ಎಲುಬಿನ ಡಾಕ್ಟರ್ ಮಾತ್ರ ಗುಳುಗುಳು ಅಂತಾರ" ಎಂದು ನಗುತ್ತಿದ್ದರು.

ಮೊದಲ ದಿನವೇ ಅವರು ಹೇಳಿದ್ದರು. "ಅಕ್ಕಾರ, ಲೈನ್ ಅಷ್ಟ ಚಲೋ ಕೊಡ್ರಿ. ತಿಂಗಳದಾಗ ಮೂರ್ ಸಲಾ ತಡಾ ಆತಂದ್ರ ಮನ್ಯಾಗಿನ ಕೆಲಸಾ ತಗೀತಾರ. ರಾಜಾಜಿನಗರದ ಆಫೀಸಿಗೇ ಬರ್‍ರಿ ಅಂತಾರ. ಅಲ್ಲಿ ಹೋದ್ರ ಸಂಜಿ ಏಳಕ್ಕ ಬರೂದು. ಇಕಿ ಸಾಲಿ ಮೂರಕ್ಕ ಬಿಡ್ತೈತಿ. ಹುಡುಗಿ ಬಂದಾಗ ಮನ್ಯಾಗ ನಾ ಇರ್‍ಬೇಕಲ್ರಿ, ಅದಕ್ಕ ಈ ಕೆಲಸಾ ಹಿಡದೀನಿ."

ನಾನೂ ಖಾಲಿ ಮನೆಗೆ ಬೀಗ ತೆಗೆದುಕೊಂಡು ಬರುತ್ತಿದ್ದ ಹುಡುಗಿಯೇ. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದರು. ಬೀಗದಕೈ ಕೊರಳಿಗೆ ಕಟ್ಟಿರುತ್ತಿದ್ದರು, ಎಣ್ಣೆ ಡಬ್ಬಿಯ ಹಿಂದೆ ಚಕ್ಕುಲಿ ಇಟ್ಟಿರುತ್ತಿದ್ದರು, ನಾನು ಚಕ್ಕುಲಿ ತಿಂದು ಗೋಡೆಯ ಹಲ್ಲಿಗೆ ಶಾಲೆಯ ಸುದ್ದಿ ಹೇಳುತ್ತಿದ್ದೆ. ಹಲ್ಲಿ ಲೊಚ್ ಎಂದರೆ ಒಪ್ಪಿತು ಎಂದು ಅರ್ಥ. ಈ ಹುಡುಗಿಗೆ ಅಂಥದ್ದು ಬೇಡ ಎಂದು ನಿಜಕ್ಕೂ ಅನ್ನಿಸಿತು. ಅದಕ್ಕೇ ಶಕುಂತಲಾ ಅವರ ಕಂಪ್ಯೂಟರಿಗೆ ನನ್ನ ವಿಶೇಷ ಪ್ರಸಾದವನ್ನೇ ಕೊಟ್ಟೆ. ಮಾತುಕತೆ ಬೇಡ, ನೂರು, ಇಬ್ಬರೂ ಒಟ್ಟಿಗೆ. ಒಂದು ಪುಟ ತೆರೆದು ನೋಡಿದೆ, ಪಟ್ಟೆಂದು ಬಂತು. ಸ್ವಿಚ್ಚಿನ ನಾಲ್ಕನೇ ಪೋರ್ಟು ಅವರದು ಎಂದು ಬರೆದುಕೊಂಡು ಹೊರಟೆ.

ವಾರ ಕಳೆಯುವುದರೊಳಗೆ ಫೋನು. "ಸಣ್ಣ ಪೇಜ್ ಎಲ್ಲಾ ಚಲೋ ಬರ್ತಾವ್ರಿ ಅಕ್ಕಾರ. ದೊಡ್ಡ ಫೈಲ್ ಇಳಿಸ್ಕೊಳಾಕ ಹೋದ್ರ ಅರ್ಧಕ್ಕ ನಿಂದರ್‍ತೈತಿ. ಬರೀ ದನಿ ಬರೂದಕ್ಕ ಎರಡ್ ತಾಸ ಹೋಗಾಕತ್ತಾವು."

ಹೋದೆ. ಆಫ್ ಮಾಡಿ ಆನ್ ಮಾಡಿದೆ. ತಂತಿ ಬಿಚ್ಚಿ ಹಾಕಿದೆ. ಸಣ್ಣ ಪುಟ ತೆರೆದೆ, ಬಂತು. ಮೂಲೆಯಲ್ಲಿ ನೂರು ಎಂದು ಇದ್ದೇ ಇತ್ತು. ನಾನೇ ಕೂರಿಸಿದ ನೂರು, ಅದರ ಮೇಲೆ ಅನುಮಾನ ಹೇಗೆ ಬರುತ್ತದೆ? ಆಗ ಭಾಗ್ಯಾ ಅಲ್ಲೇ ಮಂಚದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದಳು. ನನ್ನ ಬಾಯಿಂದ ಮೂರನೇ ಪಾಠ ತಾನಾಗಿ ಬಂತು.

"ಮಗು ಕಂಪ್ಯೂಟರ್ ಮುಟ್ಟುತ್ತಾ?"

"ಒಮ್ಮೊಮ್ಮೆ ಚಿತ್ರಾ ಬರೀತಾಳ್ರಿ."

"ಅದೇ ನೋಡಿ. ಏನೋ ಒತ್ತಿರ್ತಾಳೆ. ಮುಟ್ಟಕ್ಕೆ ಬಿಡಬೇಡಿ."

ಇಷ್ಟೇ ನಾನು ಹೇಳಿದ್ದು. ಚೀಟಿ ಬರೆದೆ, ಶಕುಂತಲಾ ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿದರು. ಆಂಟಿ ಮೇಲಿನಿಂದ ಕೂಗಿ ಕರೆದು ಕಾಫಿ ಕೊಟ್ಟರು. ಒಳ್ಳೆಯ ಡಿಕಾಕ್ಷನ್ನು.

ಎರಡು ವಾರ ಬಿಟ್ಟು ಮತ್ತೆ ಕರೆದರು. ಒಂದು ಸಲ ತಡವಾಗಿತ್ತು. ಮತ್ತೆ ಅದೇ ಪೂಜೆ, ಅದೇ ಚೀಟಿ, ಅದೇ ದುಂಡಗಿನ ಸಹಿ. ಈ ಸಲ ಭಾಗ್ಯಾ ಮಂಚದ ಮೇಲೆ ಇರಲಿಲ್ಲ, ಬಾಗಿಲ ಹೊರಗೆ ನಿಂತು ಇಣುಕುತ್ತಿದ್ದಳು. "ಈಗ ಹತ್ರಾನೂ ಬಿಡೂದಿಲ್ರಿ" ಎಂದರು ಶಕುಂತಲಾ. "ಜಾಣೆ" ಎಂದು ನಾನು ಹುಡುಗಿಯ ಕೆನ್ನೆ ತಟ್ಟಿ ಬಂದೆ. ಅದನ್ನು ನೆನೆದರೆ ಈಗಲೂ ನನ್ನ ಕೈ ನನಗೇ ಬೇಡ ಅನ್ನಿಸುತ್ತದೆ.

ಗೌರಿಹಬ್ಬ ಹತ್ತಿರ ಬಂದಿತ್ತು. ಪುಟ್ಟಮ್ಮ ಆಂಟಿ ಆಫೀಸಿಗೆ ಫೋನು ಮಾಡಿ, ಮಹಡಿ ಗೂಡಿಗೆ ಸುಣ್ಣ ಹೊಡೆಸುತ್ತೇನೆ, ನಿಮ್ಮ ಡಬ್ಬಿ ಆ ಕಡೆ ಜರುಗಿಸಿ ಎಂದರು. ಮಧ್ಯಾಹ್ನ ಒಂದೂವರೆಗೆ ಹೋದೆ. ಅಂಗಳ ದಾಟುವಾಗ ಶಕುಂತಲಾ ಕಿಟಕಿಯಿಂದಲೇ "ಅಕ್ಕಾರ, ಎರಡ್ ಸಲಾ ತಡಾ ಆತು. ಇವತ್ತ ಐದಕ್ಕ ಕೊಡಬೇಕು, ಇನ್ನೂ ಅರ್ಧಾ ದನೀನ ಬಂದಿಲ್ಲ" ಎಂದರು. ಮುಖದಲ್ಲಿ ರಕ್ತವೇ ಇರಲಿಲ್ಲ. "ಮೇಲೆ ಮುಗಿಸಿ ಬರ್ತೀನಿ" ಎಂದೆ. ಬಂದು ಏನು ಹೇಳುವುದೆಂದು ಗೊತ್ತಿರಲಿಲ್ಲ.

ಗೂಡಿನಲ್ಲಿ ಬ್ಲೌಸ್ ಪೀಸು ತೆಗೆದೆ. ಆಂಟಿ ಹಿಂದೆಯೇ ಏದುಸಿರು ಬಿಡುತ್ತಾ ಹತ್ತಿ ಬಂದರು.

"ನೋಡವ್ವ, ಇನ್ನೂ ಹೊಡ್ಕೊತಾ ಐತೆ."

"ಏನ್ ಆಂಟಿ?"

"ಆ ಹಳ್ದಿ ದೀಪ ಕಣವ್ವ. ಮಿಕ್ಕವೆಲ್ಲ ತೆಪ್ಪಗೆ ಉರೀತವೆ. ಅದೊಂದು ಒಂದೇ ಸಮ ಕಣ್ಣು ಹೊಡೀತದೆ. ಬಟ್ಟೆ ಒಣಗಾಕಕ್ಕೆ ಬಂದಾಗೆಲ್ಲ ನನ್ನೇ ನೋಡ್ದಂಗೆ ಆಯ್ತದೆ ಅಂತ ಬಟ್ಟೆ ಮುಚ್ದೆ."

"ಯಾವಾಗಿಂದ?"

"ನೀನು ಹಿಂದಿನ್ ಮನೆಗೆ ಲೈನ್ ಕೊಟ್ಟು ಹೋದ್ಯಲ್ಲ, ಆವತ್ತಿಂದ. ಅದ್ಯಾಕಂಗೆ ನಿಂತ್ಬುಟ್ಟೆ?"

ಪ್ರತಿ ಪೋರ್ಟಿಗೂ ಒಂದು ಹಸಿರು ದೀಪ, ಪಕ್ಕದಲ್ಲಿ ಒಂದು ಹಳದಿ. ಹಳದಿ ನೆಟ್ಟಗೆ ಉರಿದರೆ ಇಬ್ಬರೂ ಒಟ್ಟಿಗೆ ಮಾತಾಡುವ ಒಪ್ಪಂದ ಆಗಿದೆ ಎಂದು ಅರ್ಥ. ಆರಿದ್ದರೆ ಸರದಿಯ ಮೇಲೆ. ಮಿನುಗಿದರೆ ಮಾತಿಗೆ ಮಾತು ಡಿಕ್ಕಿ ಹೊಡೆಯುತ್ತಿದೆ. ನಾಲ್ಕನೆಯದು ಬಿಟ್ಟೂ ಬಿಡದೆ ಮಿನುಗುತ್ತಿತ್ತು. ಡಿಪ್ಲೊಮಾದ ಮೂರನೇ ವರ್ಷ ಇದನ್ನೇ ಬಾಯಿಪಾಠ ಮಾಡಿ ಬರೆದು ಎಂಟಕ್ಕೆ ಎಂಟು ತೆಗೆದಿದ್ದೆ. ಒಬ್ಬರು ಮಾತುಕತೆಗೆ ಬರದೆ ತಮ್ಮದೇ ತೀರ್ಮಾನ ಹಿಡಿದು ಕೂತರೆ, ಎದುರಿನವರಿಗೆ ವೇಗ ಎಷ್ಟೆಂದು ಹೇಗೋ ತಿಳಿಯುತ್ತದೆ, ಮಾತಿನ ರೀತಿ ತಿಳಿಯುವುದಿಲ್ಲ. ತಿಳಿಯದಿದ್ದಾಗ ಸರದಿಯೇ ಇರಲಿ ಎಂದು ಅವರು ಇಟ್ಟುಕೊಳ್ಳಬೇಕು. ಅದು ನಿಯಮ. ಸ್ವಿಚ್ಚು ಮರ್ಯಾದೆಯಾಗಿ ನಿಯಮ ಪಾಲಿಸಿತ್ತು. ಅದು ದೊಡ್ಡ ಫೈಲು ಕಳಿಸುತ್ತಿರುವಾಗ ಶಕುಂತಲಾ ಅವರ ಕಂಪ್ಯೂಟರು ಸರದಿ ಕಾಯದೆ "ಬಂತು, ಬಂತು" ಎನ್ನುತ್ತಿತ್ತು. ಅದನ್ನು ಕೇಳಿ ಸ್ವಿಚ್ಚು ಡಿಕ್ಕಿಯಾಯಿತೆಂದು ತಿಳಿದು, ಕಳಿಸುತ್ತಿದ್ದುದನ್ನು ಅಲ್ಲಿಗೇ ಬಿಟ್ಟುಬಿಡುತ್ತಿತ್ತು. ಸಣ್ಣ ಪುಟಗಳು ನುಸುಳಿ ಪಾರಾಗುತ್ತಿದ್ದವು, ದೊಡ್ಡವು ಚಿಂದಿಯಾಗುತ್ತಿದ್ದವು. ಆರು ವಾರದಿಂದ ಹೀಗೆ. ಮಾಡಿದವಳು ನಾನು.

ಮೆಟ್ಟಿಲು ಹೇಗೆ ಇಳಿದೆನೋ. "ಸ್ವಲ್ಪ ಏಳಿ" ಎಂದು ಶಕುಂತಲಾ ಅವರ ಕುರ್ಚಿಯಲ್ಲಿ ಕೂತೆ. ಸೆಟ್ಟಿಂಗಿಗೆ ಹೋಗಿ ನನ್ನ ನೂರನ್ನು ತೆಗೆದು, ಮಾತುಕತೆ ಮಾಡಿಕೊಳ್ಳಲಿ ಎಂದು ಬಿಟ್ಟೆ. ಲೈನು ಒಂದು ಕ್ಷಣ ಕಡಿಯಿತು. ಅರ್ಧ ಬಂದಿದ್ದ ಫೈಲೂ ಹೋಯಿತು.

"ಅಯ್ಯ ಶಿವನ, ಕಟ್ ಆತಲ್ರೀ! ಮುಂಜಾನಿಂದ ಇಳಿಸಿದ್ದೆ!"

"ಇರಿ. ಇನ್ನೊಂದ್ಸಲ ಹಾಕಿ."

ಹಾಕಿದರು. ಪರದೆಯ ಮೇಲಿನ ಪಟ್ಟಿ ಎಡದಿಂದ ಬಲಕ್ಕೆ ತುಂಬತೊಡಗಿತು. ಎಲ್ಲೂ ನಿಲ್ಲಲಿಲ್ಲ. ಬೆಳಗಿನಿಂದ ಬಾರದ್ದು ನಾವಿಬ್ಬರೂ ನೋಡುತ್ತಿರುವಂತೆಯೇ ಬಂದು ಮುಗಿಯಿತು. ಶಕುಂತಲಾ ಇಯರ್‌ಫೋನು ಹಾಕಿಕೊಂಡು ಕೊನೆಯ ತುಣುಕು ಕೇಳಿದರು. ಪೂರ್ತಿ ಇತ್ತು. ಐದಕ್ಕೆ ಇನ್ನೂ ಮೂರು ಗಂಟೆ. ಅವರ ಕಣ್ಣು ತುಂಬಿತು. ನನ್ನ ಎರಡೂ ಕೈ ಹಿಡಿದುಕೊಂಡು, "ನೀವು ದೇವರ ಬಂದಂಗ ಬಂದ್ರಿ" ಎಂದರು.

ಎದ್ದು ಬಂದುಬಿಡಬಹುದಿತ್ತು. ನಿಜ ಹೇಳುತ್ತೇನೆ, ಅರ್ಧ ಎದ್ದಿದ್ದೆ. "ಏನೋ ಒಂದು ಸೆಟ್ಟಿಂಗ್ ಬದಲಾಗಿತ್ತು" ಎಂದೂ ಹೇಳಿದೆ.

"ಯಾರ್ ಬದ್ಲಿ ಮಾಡಿದ್ರು?" ಎಂದರು. ಆಮೇಲೆ ಅವರೇ ತಲೆಯಾಡಿಸಿ, "ಭಾಗ್ಯಾನ ಹೌದಲ್ರಿ? ನೀವು ಆವತ್ತ ಹೇಳಿದ್ರಿ."

ಹೂಂ ಎಂದಿದ್ದರೆ ಸಾಕಿತ್ತು. ಎರಡನೇ ಕ್ಲಾಸಿನ ಹುಡುಗಿ ಬಂದು ಅಲ್ಲ ಎಂದು ವಾದ ಮಾಡುತ್ತಿರಲಿಲ್ಲ. ರಾಜಣ್ಣನ ಆಫೀಸಿನ ಹೆಸರು ಉಳಿಯುತ್ತಿತ್ತು, ನನ್ನ ಕೊಂಬೂ ಉಳಿಯುತ್ತಿತ್ತು.

"ಅಲ್ಲ. ನಾನು" ಎಂದೆ. "ಲೈನ್ ಕೊಟ್ಟ ದಿನ ಸ್ಪೀಡ್ ಬರ್ಲಿ ಅಂತ ನಾನೇ ಮಾಡಿದ್ದು. ಮಗು ಏನೂ ಮಾಡಿಲ್ಲ. ಅದಕ್ಕೆ ಮಾಡಕ್ಕೂ ಬರಲ್ಲ. ಎರಡು ಸಲ ಬಂದಾಗ್ಲೂ ನಂಗೆ ಗೊತ್ತಾಗ್ಲಿಲ್ಲ, ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ಕ್ಷಮಿಸಿ."

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಹಿಡಿದಿದ್ದ ನನ್ನ ಕೈಗಳನ್ನು ಬಿಟ್ಟರು. ಮಂಚದ ಮೇಲೆ ಕೂತರು.

"ಎರಡ್ ಸಲಾ ಹೊಡದೀನ್ರಿ ಆಕಿಗೆ" ಎಂದರು. "ಮೊದಲನೇ ಸಲಾ, ನಾ ಮುಟ್ಟಿಲ್ಲ ಅಂತ ಅತ್ಲು. ಸುಳ್ಳ ಹೇಳ್ತಿ ಅಂತ ಮತ್ತಿಷ್ಟ ಹೊಡದೆ. ಎರಡನೇ ಸಲಾ ಅಳ್ಳಿಲ್ಲ. ಹೂಂ ಅವ್ವಾ, ಮುಟ್ಟೀನಿ ಅಂದ್ಲು."

ಶಕುಂತಲಾ ಟೈಪು ಮಾಡಲು ಶುರುಮಾಡಲೇ ಇಲ್ಲ, ಐದರ ಗಡುವನ್ನು ನಾನೂ ನೆನಪಿಸಲಿಲ್ಲ. ಮೂರು ಗಂಟೆ ದಾಟಿತು. ಗೇಟಿನ ಸದ್ದಾಯಿತು. ಭಾಗ್ಯಾ ಬಂದು ಹೊಸ್ತಿಲ ಹೊರಗೆ ಶೂ ಬಿಚ್ಚತೊಡಗಿದಳು.

ಶಕುಂತಲಾ ಎದ್ದು ನಿಂತರು. "ಭಾಗ್ಯಾ, ಬಾರವ್ವ ಇಲ್ಲೆ" ಎಂದರು.

ಹುಡುಗಿ ತಲೆ ಎತ್ತಿ ಅಮ್ಮನ ಮುಖ ನೋಡಿದಳು. ಕಂಪ್ಯೂಟರ್ ನೋಡಿದಳು. ಅದರ ಮುಂದೆ ಕೂತಿದ್ದ ನನ್ನನ್ನು ನೋಡಿದಳು. ಒಳಗೆ ಕಾಲಿಡದೆ, ಸ್ಕೂಲ್ ಬ್ಯಾಗನ್ನು ಎದೆಗೆ ಅವಚಿಕೊಂಡು ಹೇಳಿದಳು:

"ಯವ್ವಾ, ಇವತ್ತ ನಾ ಮುಟ್ಟಿಲ್ಲ."